ಕ್ಯಾನ್ಸರ್ ಜೀನ್ ಎಲ್ಲಿಂದ ಬಂತು? ಅದು ಇದ್ದರೆ ಕ್ಯಾನ್ಸರ್ ಬಂದೇ ಬರುತ್ತಾ?

"ನಮ್ಮ ಅಜ್ಜ-ಅಜ್ಜಿ ಕಾಲದಲ್ಲಿ ಕ್ಯಾನ್ಸರ್ ಅನ್ನೋದೇ ಇರಲಿಲ್ಲ, ಇದು ಮನುಷ್ಯನೇ ಹುಟ್ಟುಹಾಕಿದ ಕಾಯಿಲೆ."

"ಅವರ ಮನೆತನದಲ್ಲಿ ಕ್ಯಾನ್ಸರ್ ಜೀನ್ ಇದೆಯಂತೆ. ಸಂಬಂಧ ಬೆಳೆಸುವ ಮುಂಚೆ ಯೋಚನೆ ಮಾಡಿ."

"ಆನೆಗೆ, ಶಾರ್ಕ್ ಮೀನಿಗೆ ಕ್ಯಾನ್ಸರ್ ಬರುವುದಿಲ್ಲ. ಈ ಗುಟ್ಟನ್ನು ಔಷಧ ಕಂಪನಿಗಳು ಮುಚ್ಚಿಟ್ಟಿವೆ."

ಈ ಮೂರರಲ್ಲಿ ಒಂದಾದರೂ ನಿಮ್ಮ ವಾಟ್ಸಾಪ್ ಗುಂಪಿಗೆ ಬಂದಿರುತ್ತದೆ. ಓದಿದವರಿಗೆ ಭಯ ಆಗುತ್ತದೆ, ಭಯ ಆದದ್ದು ಬೇಗ ಫಾರ್ವರ್ಡ್ ಆಗುತ್ತದೆ. ಈ ಮೂರೂ ಮಾತುಗಳ ಸತ್ಯಾಸತ್ಯತೆ ತಿಳಿಯಲು ಒಂದೇ ಕಡೆ ನೋಡಿದರೆ ಸಾಕು. ಕ್ಯಾನ್ಸರ್‌ಗೆ ಸಂಬಂಧಿಸಿದ ಜೀನ್‌ಗಳು ಎಷ್ಟು ಹಳೆಯವು, ಬೇರೆ ಬೇರೆ ಪ್ರಾಣಿಗಳಲ್ಲಿ ಹೇಗೆ ಬದಲಾದವು ಎಂಬುದನ್ನು ವಿಜ್ಞಾನಿಗಳು ಕಂಪ್ಯೂಟರ್ ಮೂಲಕ ಲೆಕ್ಕ ಹಾಕುತ್ತಿದ್ದಾರೆ. ಈ ಲೆಕ್ಕ ಇಂದು ಆಸ್ಪತ್ರೆಯ ಜೀನ್ ಪರೀಕ್ಷೆಯ ವರದಿಯೊಳಗೂ ಬಂದು ಕೂತಿದೆ. ಆದ್ದರಿಂದ ಇದು ನಮ್ಮ ನಿಮ್ಮ ಮನೆಯ ವಿಷಯವೂ ಹೌದು.

ಮೊದಲು ಚುಟುಕಾಗಿ

• "ಕ್ಯಾನ್ಸರ್ ಜೀನ್" ಎನ್ನುವವು ನಮ್ಮೆಲ್ಲರಲ್ಲೂ ಇವೆ. ಅವುಗಳ ಕೆಲಸ ಕ್ಯಾನ್ಸರ್ ತರುವುದಲ್ಲ, ದೇಹವನ್ನು ನಡೆಸುವುದು. ಅವು ಕೆಟ್ಟಾಗ ತೊಂದರೆ ಶುರುವಾಗುತ್ತದೆ.
• ಈ ಜೀನ್‌ಗಳಲ್ಲಿ ಹೆಚ್ಚಿನವು ಕೋಟ್ಯಂತರ ವರ್ಷ ಹಳೆಯವು. ಕ್ಯಾನ್ಸರ್ ಕೂಡ ಮನುಷ್ಯನಿಗಿಂತ ಹಳೆಯದು.
• ಆನೆಯಲ್ಲಿ ಕ್ಯಾನ್ಸರ್ ಸಾವು ಕಡಿಮೆ ಎಂಬುದು ನಿಜ, ಆದರೆ ಸೊನ್ನೆ ಅಲ್ಲ. ಆ ರಕ್ಷಣೆಯನ್ನು ತಿಂದು, ಕುಡಿದು, ಕಟ್ಟಿಕೊಂಡು ಪಡೆಯಲಾಗದು.
• ಜೀನ್ ವರದಿಯಲ್ಲಿ "ಬದಲಾವಣೆ ಇದೆ" ಎಂದಾಕ್ಷಣ ಕ್ಯಾನ್ಸರ್ ಖಚಿತ ಎಂದಲ್ಲ. ಯಾವ ಬದಲಾವಣೆ ಎಂಬುದೇ ಮುಖ್ಯ.

"ಕ್ಯಾನ್ಸರ್ ಜೀನ್" ಅಂದರೆ ನಿಜವಾಗಿ ಏನು?

ನಮ್ಮ ಜೀವಕೋಶದೊಳಗಿನ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಸುವ ಸುಮಾರು 20 ಸಾವಿರ ಜೀನ್‌ಗಳಿವೆ. ಸರಳವಾಗಿ ಹೇಳುವುದಾದರೆ, ಒಂದೊಂದು ಜೀನ್ ಒಂದೊಂದು ಪ್ರೋಟೀನ್ ತಯಾರಿಸುವ ಸೂಚನೆ. ಕ್ಯಾನ್ಸರ್ ವಿಷಯದಲ್ಲಿ ಹೆಸರು ಕೇಳಿಬರುವ ಜೀನ್‌ಗಳನ್ನು ಒಂದು ಬಸ್ಸಿಗೆ ಹೋಲಿಸಿ ಮೂರು ಗುಂಪು ಮಾಡಬಹುದು.

ಮೊದಲನೆಯದು ಆಕ್ಸಿಲರೇಟರ್ ಜೀನ್‌ಗಳು. ಗಾಯ ಮಾಯಬೇಕು, ಮಗು ಬೆಳೆಯಬೇಕು ಎಂದರೆ ಜೀವಕೋಶ ಎರಡಾಗಬೇಕು. "ಈಗ ಬೆಳೆ" ಎಂದು ಹೇಳುವುದು ಇವು. ಆರ್‌ಎಎಸ್ ಕುಟುಂಬದ ಜೀನ್‌ಗಳು ಇದಕ್ಕೆ ಉದಾಹರಣೆ. ಎರಡನೆಯದು ಬ್ರೇಕ್ ಜೀನ್‌ಗಳು. ಡಿಎನ್‌ಎಗೆ ಪೆಟ್ಟು ಬಿದ್ದರೆ ಕೋಶವನ್ನು ನಿಲ್ಲಿಸುವುದು, ಸರಿಯಾಗದಿದ್ದರೆ ಅದನ್ನು ಸಾಯಿಸುವುದು ಇವುಗಳ ಕೆಲಸ. ಟಿಪಿ53 ಎಂಬ ಜೀನ್ ಇದರಲ್ಲಿ ಅತಿ ಮುಖ್ಯ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಇದು ಕೆಟ್ಟಿರುತ್ತದೆ. ಮೂರನೆಯದು ಮೆಕ್ಯಾನಿಕ್ ಜೀನ್‌ಗಳು. ಹರಿದ ಡಿಎನ್‌ಎಯನ್ನು ರಿಪೇರಿ ಮಾಡುವವು. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಜೊತೆ ಹೆಸರು ಕೇಳಿಬರುವ ಬಿಆರ್‌ಸಿಎ1, ಬಿಆರ್‌ಸಿಎ2 ಈ ಗುಂಪಿನವು.

ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡು, ಬ್ರೇಕ್ ಫೇಲಾಗಿ, ಮೆಕ್ಯಾನಿಕ್ ಕೂಡ ರಜೆ ಹಾಕಿದರೆ ಏನಾಗುತ್ತದೆ? ಅದೇ ಕ್ಯಾನ್ಸರ್. ಅಪಘಾತ ಆದಾಗ "ಈ ಬಸ್ಸಲ್ಲಿ ಬ್ರೇಕ್ ಇತ್ತಂತೆ" ಎಂದು ಯಾರೂ ದೂರುವುದಿಲ್ಲ. "ಅವರಲ್ಲಿ ಕ್ಯಾನ್ಸರ್ ಜೀನ್ ಇದೆ" ಎಂಬ ಮಾತೂ ಹಾಗೆಯೇ. ಜೀನ್ ಎಲ್ಲರಲ್ಲೂ ಇದೆ. ಕೆಲವರಲ್ಲಿ ಅದರ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ, ಅಷ್ಟೇ.

ಇದು ತಿಳಿದದ್ದು ಒಂದು ಕೋಳಿಯಿಂದ. 1911ರಲ್ಲಿ ಅಮೆರಿಕದ ಪೇಟನ್ ರೌಸ್ ಎಂಬ ವಿಜ್ಞಾನಿ, ಕೋಳಿಯ ಗಡ್ಡೆಯಿಂದ ಸೋಸಿ ತೆಗೆದ ದ್ರವವನ್ನು ಬೇರೆ ಕೋಳಿಗೆ ಚುಚ್ಚಿದರೆ ಅದಕ್ಕೂ ಗಡ್ಡೆ ಬರುತ್ತದೆ ಎಂದು ತೋರಿಸಿದರು. ಕಾರಣ ಒಂದು ವೈರಸ್. ಹಾಗಾದರೆ ವೈರಸ್ಸೇ ಕ್ಯಾನ್ಸರ್ ಜೀನ್ ತರುತ್ತದೆ ಎಂದು ಬಹಳ ಕಾಲ ಅಂದುಕೊಂಡಿದ್ದರು. 1976ರಲ್ಲಿ ಮೈಕೆಲ್ ಬಿಷಪ್, ಹೆರಾಲ್ಡ್ ವಾರ್ಮಸ್ ಮತ್ತು ಸಂಗಡಿಗರು ಹುಡುಕಿದಾಗ ಆ ಜೀನ್ ಯಾವ ವೈರಸ್ಸೂ ತಗುಲದ, ಆರೋಗ್ಯವಾಗಿದ್ದ ಕೋಳಿಗಳ ಡಿಎನ್‌ಎಯಲ್ಲೇ ಸಿಕ್ಕಿತು. ವೈರಸ್ ಅದನ್ನು ಹಿಂದೆ ಯಾವಾಗಲೋ ಕೋಳಿಯಿಂದಲೇ ಎತ್ತಿಕೊಂಡಿತ್ತು. ಬಿಷಪ್ ಮತ್ತು ವಾರ್ಮಸ್ ಅವರಿಗೆ 1989ರಲ್ಲಿ ನೊಬೆಲ್ ಬಂತು.

ಇದರಲ್ಲಿ ಕಂಪ್ಯೂಟರ್‌ಗೆ ಏನು ಕೆಲಸ?

ಡಿಎನ್‌ಎ ಎಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದದ ಬರಹ: ಎ, ಟಿ, ಜಿ, ಸಿ. ಮನುಷ್ಯನಲ್ಲಿ ಸುಮಾರು 300 ಕೋಟಿ ಅಕ್ಷರ. ಇದನ್ನು ಇಲಿ, ಕೋಳಿ, ಮೀನು, ಯೀಸ್ಟ್ ಬರಹದ ಜೊತೆ ಕಣ್ಣಿನಿಂದ ಹೋಲಿಸಲು ಯಾರಿಂದಲೂ ಆಗದು.

ಕಂಪ್ಯೂಟರ್‌ನ ಶಕ್ತಿ ಮೊದಲು ಗೊತ್ತಾದದ್ದು 1983ರಲ್ಲಿ. ಮಂಗದಲ್ಲಿ ಗಡ್ಡೆ ತರುವ ಒಂದು ವೈರಸ್‌ನ ಜೀನ್ ಇತ್ತು. ಅದು ಏನು ಕೆಲಸ ಮಾಡುತ್ತದೆಂದು ತಿಳಿದಿರಲಿಲ್ಲ. ಅಮೆರಿಕದ ರಸೆಲ್ ಡೂಲಿಟಲ್ ತಾವು ಕೂಡಿಟ್ಟಿದ್ದ ಪ್ರೋಟೀನ್ ಪಟ್ಟಿಯ ಜೊತೆ ಅದನ್ನು ಕಂಪ್ಯೂಟರ್‌ನಲ್ಲಿ ಹೋಲಿಸಿದರು. ಅದು ನಮ್ಮ ರಕ್ತದ ಪ್ಲೇಟ್‌ಲೆಟ್‌ಗಳಲ್ಲಿರುವ ಒಂದು ಪ್ರೋಟೀನಿಗೆ ಹೆಚ್ಚುಕಡಿಮೆ ಹಾಗೆಯೇ ಹೊಂದಿಕೆ ಆಯಿತು. ಆ ಪ್ರೋಟೀನಿನ ಕೆಲಸ, ಗಾಯವಾದ ಜಾಗದಲ್ಲಿ ಕೋಶಗಳಿಗೆ "ಬೆಳೆಯಿರಿ" ಎಂದು ಹೇಳುವುದು. ಬ್ರಿಟನ್ನಿನ ಇನ್ನೊಂದು ತಂಡಕ್ಕೂ ಅದೇ ವರ್ಷ ಅದೇ ಉತ್ತರ ಸಿಕ್ಕಿತು. ಗಾಯ ಮಾಯಿಸುವ ಸಂದೇಶ ನಿಲ್ಲದೆ ಮೊಳಗಿದರೆ ಗಡ್ಡೆಯಾಗುತ್ತದೆ ಎಂಬ ದೊಡ್ಡ ಸುಳಿವು ಹೀಗೆ ಕಂಪ್ಯೂಟರ್ ಮುಂದೆ ಕೂತು ಸಿಕ್ಕಿದ್ದು.

ಈ ಹೋಲಿಕೆ ಹೇಗೆ ನಡೆಯುತ್ತದೆ? ಅಡುಗೆಮನೆಯ ಉದಾಹರಣೆ ನೋಡೋಣ.

ನಿಮ್ಮ ಮುತ್ತಜ್ಜಿ ಬಿಸಿಬೇಳೆಬಾತ್ ಮಾಡುವ ವಿಧಾನ ಬರೆದಿಟ್ಟಿದ್ದರು ಎನ್ನಿ. ಹೆಣ್ಣುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಅದನ್ನು ನಕಲು ಮಾಡಿಕೊಂಡರು. ನಕಲು ಮಾಡುವಾಗ ತಪ್ಪುಗಳಾದವು. ಒಬ್ಬರು ಗೋಡಂಬಿ ಬಿಟ್ಟರು, ಇನ್ನೊಬ್ಬರು ಕಡಲೆಬೀಜ ಎಂದು ಬರೆದರು. ಅಡುಗೆ ಚೆನ್ನಾಗೇ ಆಯಿತು, ಆ ಪ್ರತಿಗಳು ಉಳಿದವು. ಆದರೆ ಬೇಳೆಯನ್ನೇ ಬಿಟ್ಟ ಪ್ರತಿ? ಒಂದೇ ದಿನಕ್ಕೆ ಒಲೆಗೆ ಹೋಯಿತು. ನೂರು ವರ್ಷದ ನಂತರ ಎಲ್ಲ ಮನೆಗಳ ಪ್ರತಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಗೋಡಂಬಿಯ ಜಾಗದಲ್ಲಿ ಹತ್ತು ಬಗೆ ಕಾಣುತ್ತದೆ, ಬೇಳೆಯ ಜಾಗದಲ್ಲಿ ಎಲ್ಲರದೂ ಒಂದೇ. ಅಡುಗೆ ಬಾರದವರಿಗೂ ಇಲ್ಲಿ ಮುಖ್ಯವಾದದ್ದು ಯಾವುದು ಎಂದು ಗೊತ್ತಾಗಿಬಿಡುತ್ತದೆ.

ವಿಜ್ಞಾನಿಗಳು ಮಾಡುವುದೂ ಇದೇ. ಒಂದೇ ಜೀನ್‌ನ ಪ್ರತಿಗಳನ್ನು ಮನುಷ್ಯ, ಚಿಂಪಾಂಜಿ, ಹಸು, ಕೋಳಿ, ಕಪ್ಪೆ, ಮೀನುಗಳಿಂದ ತಂದು ಅಕ್ಷರದ ಕೆಳಗೆ ಅಕ್ಷರ ಬರುವಂತೆ ಜೋಡಿಸುತ್ತಾರೆ. ಕೋಟ್ಯಂತರ ವರ್ಷ ಕಳೆದರೂ ಬದಲಾಗದ ಅಕ್ಷರ "ಬೇಳೆ". ಸುಲಭವಾಗಿ ಬದಲಾದದ್ದು "ಗೋಡಂಬಿ".

ಇನ್ನೊಂದು ಲೆಕ್ಕವೂ ಇದೆ. ಡಿಎನ್‌ಎ ಅಕ್ಷರಗಳು ಮೂರು ಮೂರಾಗಿ ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುತ್ತವೆ. ಜಿಎಜಿ ಮತ್ತು ಜಿಎಎ ಎರಡೂ ಒಂದೇ ಅಮೈನೋ ಆಮ್ಲವನ್ನು ಕೊಡುತ್ತವೆ, ಆ ಬದಲಾವಣೆಯಿಂದ ಪ್ರೋಟೀನ್ ಬದಲಾಗುವುದಿಲ್ಲ. ಆದರೆ ರಕ್ತದ ಹಿಮೋಗ್ಲೋಬಿನ್ ಜೀನ್‌ನ ಒಂದು ಕಡೆ ಜಿಎಜಿ ಇರಬೇಕಾದಲ್ಲಿ ಜಿಟಿಜಿ ಆದರೆ ಅದು ಸಿಕಲ್ ಸೆಲ್ ಕಾಯಿಲೆಗೆ ಕಾರಣ. ಪ್ರೋಟೀನ್ ಬದಲಿಸುವ ತಪ್ಪುಗಳು ಎಷ್ಟು, ಬದಲಿಸದ ತಪ್ಪುಗಳು ಎಷ್ಟು ಎಂದು ಕಂಪ್ಯೂಟರ್ ಎಣಿಸಿ ಅನುಪಾತ ತೆಗೆಯುತ್ತದೆ. ಅನುಪಾತ 1ಕ್ಕಿಂತ ಬಹಳ ಕಡಿಮೆ ಇದ್ದರೆ "ಈ ಜೀನ್ ಮುಟ್ಟಬೇಡಿ" ಎಂದು ಪ್ರಕೃತಿ ಕಾಯ್ದುಕೊಂಡಿದೆ ಎಂದರ್ಥ. 1ಕ್ಕಿಂತ ಹೆಚ್ಚಿದ್ದರೆ ಬದಲಾವಣೆಯಿಂದಲೇ ಏನೋ ಲಾಭ ಆಗಿರಬೇಕು ಎಂದು ಊಹಿಸುತ್ತಾರೆ.

ಈ ಜೀನ್‌ಗಳ ವಯಸ್ಸೆಷ್ಟು?

2004ರಲ್ಲಿ ವಿಜ್ಞಾನಿಗಳು ಕ್ಯಾನ್ಸರ್ ಜೊತೆ ನಂಟಿರುವ ಜೀನ್‌ಗಳ ಒಂದು ಪಟ್ಟಿ ಮಾಡಿದರು, ಒಂದು ರೀತಿಯ ಜನಗಣತಿ. ಆಗ ಸಿಕ್ಕಿದ್ದು 291. ಈಗ ಆ ಪಟ್ಟಿ 700 ದಾಟಿದೆ.

2010ರಲ್ಲಿ ಕ್ರೊಯೇಷಿಯಾದ ತೊಮಿಸ್ಲಾವ್ ದೊಮಾಜೆತ್-ಲೊಶೊ ಮತ್ತು ಜರ್ಮನಿಯ ಡೀತ್‌ಹಾರ್ಡ್ ಟೌಟ್ಜ್ ಇಂತಹ ಜೀನ್‌ಗಳ ವಯಸ್ಸು ಲೆಕ್ಕ ಹಾಕಿದರು. ಅವರ ಉಪಾಯ ಸರಳ. ಒಂದು ಜೀನ್‌ಗೆ ಅತಿ ದೂರದ ನೆಂಟ ಯಾವ ಜೀವಿಯಲ್ಲಿ ಸಿಗುತ್ತಾನೆ ಎಂದು ಕಂಪ್ಯೂಟರ್‌ನಲ್ಲಿ ಹುಡುಕುವುದು. ಬ್ಯಾಕ್ಟೀರಿಯಾದಲ್ಲೂ ನೆಂಟ ಸಿಕ್ಕರೆ ಆ ಜೀನ್ ಜೀವಕೋಶದಷ್ಟೇ ಹಳೆಯದು. ಪ್ರಾಣಿಗಳಲ್ಲಿ ಮಾತ್ರ ಸಿಕ್ಕರೆ ಅದು ಪ್ರಾಣಿಗಳ ಜೊತೆ ಹುಟ್ಟಿದ್ದು.

ಫಲಿತಾಂಶದಲ್ಲಿ ಎರಡು ಎತ್ತರದ ದಿಬ್ಬಗಳು ಕಂಡವು. ಮೊದಲ ದಿಬ್ಬ ಜೀವಕೋಶ ಹುಟ್ಟಿದ ಕಾಲದ್ದು. ಡಿಎನ್‌ಎ ರಿಪೇರಿಯಂತಹ ಮೆಕ್ಯಾನಿಕ್ ಜೀನ್‌ಗಳು ಅಲ್ಲಿ ಹೆಚ್ಚು. ಎರಡನೆಯದು ಅನೇಕ ಕೋಶಗಳು ಒಟ್ಟಾಗಿ ಪ್ರಾಣಿ ಆದ ಕಾಲದ್ದು, ಅಂದರೆ 60 ಕೋಟಿ ವರ್ಷಕ್ಕೂ ಹಿಂದಿನದು. ಬೆಳವಣಿಗೆಗೆ ಕಡಿವಾಣ ಹಾಕುವ, ಕೋಶಗಳ ನಡುವೆ ಮಾತುಕತೆ ನಡೆಸುವ ಜೀನ್‌ಗಳು ಅಲ್ಲಿ ಹೆಚ್ಚು.

ಯಾಕೆ ಹೀಗೆ? ಒಂಟಿ ಕೋಶದ ಜೀವಿಗೆ ಬದುಕಿನ ಗುರಿ ಒಂದೇ: ತಿನ್ನು, ಎರಡಾಗು. ಯಾರೂ ತಡೆಯುವುದಿಲ್ಲ. ಆದರೆ ಸಾವಿರಾರು ಕೋಶಗಳು ಕೂಡಿ ಒಂದು ದೇಹ ಆದಾಗ ಕೂಡುಕುಟುಂಬದ ನಿಯಮಗಳು ಬೇಕಾದವು. ಚರ್ಮದ ಕೋಶ ಚರ್ಮವಾಗಿಯೇ ಇರಬೇಕು, ಹೇಳಿದಾಗ ನಿಲ್ಲಬೇಕು, ಅಗತ್ಯಬಿದ್ದರೆ ಉಳಿದವರಿಗಾಗಿ ಸಾಯಬೇಕು. ಆ ನಿಯಮಗಳನ್ನು ಜಾರಿ ಮಾಡುವ ಜೀನ್‌ಗಳು ಕೆಟ್ಟಾಗ ಒಂದು ಕೋಶ ಮತ್ತೆ ಹಳೆಯ ಚಾಳಿಗೆ ಬೀಳುತ್ತದೆ. ಕ್ಯಾನ್ಸರ್ ಎಂದರೆ ಒಂದು ರೀತಿಯಲ್ಲಿ ಈ ಒಪ್ಪಂದ ಮುರಿಯುವುದು.

ಇದಕ್ಕೆ ಪ್ರಯೋಗಾಲಯದ ಸಾಕ್ಷಿಯೂ ಇದೆ. ಆರ್‌ಎಎಸ್ ಜೀನ್ ಬ್ರೆಡ್ ಉಬ್ಬಿಸುವ ಯೀಸ್ಟ್‌ನಲ್ಲೂ ಇದೆ. 1985ರ ಪ್ರಯೋಗಗಳಲ್ಲಿ ಯೀಸ್ಟ್‌ನ ಆರ್‌ಎಎಸ್ ಜೀನ್‌ಗಳನ್ನು ತೆಗೆದು ಮನುಷ್ಯನದ್ದನ್ನು ಹಾಕಿದರೂ ಯೀಸ್ಟ್ ಬದುಕಿತು! ಇನ್ನು, ಕೊಳದ ನೀರಿನಲ್ಲಿ ಸಿಗುವ ಹೈಡ್ರಾ ಎಂಬ ಪುಟ್ಟ ಜೀವಿಯಲ್ಲೂ ತಾನಾಗಿಯೇ ಗಡ್ಡೆ ಆಗುತ್ತದೆ ಎಂದು 2014ರಲ್ಲಿ ಜರ್ಮನಿಯ ಕೀಲ್ ವಿಶ್ವವಿದ್ಯಾಲಯದ ತಂಡ ವರದಿ ಮಾಡಿತು.

ಹಾಗಾದರೆ "ಹಿಂದೆ ಕ್ಯಾನ್ಸರ್ ಇರಲಿಲ್ಲ" ಎಂಬುದು?

ತಪ್ಪು. ಜರ್ಮನಿಯಲ್ಲಿ ಸಿಕ್ಕ, ಆಮೆಯ ಪೂರ್ವಜ ಬಳಗದ 24 ಕೋಟಿ ವರ್ಷ ಹಳೆಯ ತೊಡೆಮೂಳೆಯಲ್ಲಿ ಮೂಳೆ ಕ್ಯಾನ್ಸರ್ ಗುರುತು ಸಿಕ್ಕಿದೆ. ಕೆನಡಾದ ಸುಮಾರು 7.6 ಕೋಟಿ ವರ್ಷ ಹಳೆಯ ಡೈನೋಸಾರ್ ಕಾಲಿನ ಮೂಳೆಯಲ್ಲೂ ಸಿಕ್ಕಿದೆ. ದಕ್ಷಿಣ ಆಫ್ರಿಕಾದಲ್ಲಿ 16ರಿಂದ 18 ಲಕ್ಷ ವರ್ಷ ಹಿಂದಿನ ಮಾನವ ಪೂರ್ವಜರೊಬ್ಬರ ಪಾದದ ಮೂಳೆಯಲ್ಲೂ ಸಿಕ್ಕಿದೆ. ಆಗ ಪ್ಲಾಸ್ಟಿಕ್ ಇರಲಿಲ್ಲ, ಮೊಬೈಲ್ ಟವರ್ ಇರಲಿಲ್ಲ.

ಆದರೆ ಈಗ ಕ್ಯಾನ್ಸರ್ ಹೆಚ್ಚು ಕಾಣುತ್ತಿರುವುದೂ ಸುಳ್ಳಲ್ಲ. ಕ್ಯಾನ್ಸರ್‌ಗೆ ಅತಿ ದೊಡ್ಡ ಕಾರಣ ವಯಸ್ಸು. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ, ಈಗ 70ರ ಆಸುಪಾಸು. ಆಗ ಶಿಶುಮರಣ ಹೆಚ್ಚಿದ್ದದ್ದು ಆ ಸಂಖ್ಯೆ ತಗ್ಗಲು ಒಂದು ಕಾರಣ. ಏನೇ ಆದರೂ ವಯಸ್ಸಾಗುವವರೆಗೆ ಬದುಕಿದವರು ಕಡಿಮೆ, ಬದುಕಿದವರಲ್ಲೂ "ಹೊಟ್ಟೆಯಲ್ಲಿ ಗಡ್ಡೆ ಇತ್ತು, ಹೋಗಿಬಿಟ್ಟರು" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಸ್ಕ್ಯಾನ್, ಬಯಾಪ್ಸಿ ಇರಲಿಲ್ಲ.

ಜೀನ್ ಹಳೆಯದು ಎಂದ ಮಾತ್ರಕ್ಕೆ ಗುಟ್ಕಾ, ಬೀಡಿ, ಸಿಗರೇಟು, ಮದ್ಯ ನಿರ್ದೋಷಿಗಳಲ್ಲ. ಅವು ಈ ಹಳೆಯ ಬ್ರೇಕ್‌ಗಳನ್ನು ಕೆಡಿಸುವ ಹೊಸ ಸುತ್ತಿಗೆಗಳು. ಹಾಗಾಗಿ ಈ ಫಾರ್ವರ್ಡ್‌ನಲ್ಲಿ "ಜೀವನಶೈಲಿ ಎಚ್ಚರ" ಎಂಬ ಭಾಗ ಸರಿ, "ಹಿಂದೆ ಇರಲೇ ಇಲ್ಲ" ಎಂಬ ಭಾಗ ತಪ್ಪು.

ಆನೆಯ ಗುಟ್ಟು ಏನು?

ಇಲ್ಲಿ ಒಂದು ಒಗಟಿದೆ. ಪ್ರತಿ ಕೋಶವೂ ಕೆಡಬಹುದು ಎಂದಾದರೆ, ಹೆಚ್ಚು ಕೋಶ ಇರುವ ದೊಡ್ಡ ಪ್ರಾಣಿಗೆ ಹೆಚ್ಚು ಕ್ಯಾನ್ಸರ್ ಬರಬೇಕು. ಇಲಿಗಿಂತ ಮನುಷ್ಯನಿಗೆ, ಮನುಷ್ಯನಿಗಿಂತ ಆನೆಗೆ. ಹಾಗಾಗುವುದಿಲ್ಲ. 1970ರ ದಶಕದಲ್ಲಿ ಬ್ರಿಟನ್ನಿನ ರಿಚರ್ಡ್ ಪೀಟೊ ಇದನ್ನು ಗಮನಕ್ಕೆ ತಂದಿದ್ದರಿಂದ ಇದಕ್ಕೆ "ಪೀಟೊ ವಿರೋಧಾಭಾಸ" ಎಂಬ ಹೆಸರು ಬಂತು.

2015ರಲ್ಲಿ ಅಮೆರಿಕದ ಸಂಶೋಧಕರು ಆನೆಯ ಡಿಎನ್‌ಎ ಬರಹವನ್ನು ಪರಿಶೀಲಿಸಿದಾಗ ಆಶ್ಚರ್ಯ ಕಾದಿತ್ತು. ನಮಗೆ ಟಿಪಿ53 ಎಂಬ ಬ್ರೇಕ್ ಜೀನ್ ಒಂದೇ. ಅದರ ಒಂದು ಪ್ರತಿ ತಾಯಿಯಿಂದ, ಒಂದು ತಂದೆಯಿಂದ. ಆಫ್ರಿಕಾದ ಆನೆಯಲ್ಲಿ ಅಂತಹ 20 ಜೀನ್‌ಗಳು, ಅಂದರೆ 40 ಪ್ರತಿಗಳು! ಹೆಚ್ಚಿನವು ಪೂರ್ಣ ಜೀನ್‌ಗಳಲ್ಲ, ವಿಕಾಸದ ಹಾದಿಯಲ್ಲಿ ನಕಲಾಗಿ ಬೇರೆ ಕಡೆ ಅಂಟಿಕೊಂಡ ತುಂಡುಗಳು. ಆದರೂ ಆನೆಯ ಕೋಶಗಳು ಡಿಎನ್‌ಎಗೆ ಪೆಟ್ಟು ಬಿದ್ದಾಗ ಮನುಷ್ಯನ ಕೋಶಗಳಿಗಿಂತ ಬೇಗ ತಾವಾಗಿಯೇ ಸಾಯುತ್ತವೆ ಎಂದು ಪ್ರಯೋಗದಲ್ಲಿ ಕಂಡಿತು. 644 ಆನೆಗಳ ದಾಖಲೆಯ ಪ್ರಕಾರ ಕ್ಯಾನ್ಸರ್‌ನಿಂದ ಸಾಯುವ ಪ್ರಮಾಣ ಶೇ. 5ರ ಆಸುಪಾಸು. ಮನುಷ್ಯರಲ್ಲಿ ಇದು ಶೇ. 11ರಿಂದ 25.

2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಜಗತ್ತಿನ ಮೃಗಾಲಯಗಳಲ್ಲಿದ್ದ 191 ಜಾತಿಯ, 1 ಲಕ್ಷದ 10 ಸಾವಿರಕ್ಕೂ ಹೆಚ್ಚು ಸಸ್ತನಿಗಳ ದಾಖಲೆ ನೋಡಿತು. ದೇಹದ ಗಾತ್ರಕ್ಕೂ ಕ್ಯಾನ್ಸರ್ ಸಾವಿಗೂ ಸಂಬಂಧ ಕಾಣಲಿಲ್ಲ. ಮಾಂಸಾಹಾರಿ ಪ್ರಾಣಿಗಳಲ್ಲಿ ಕ್ಯಾನ್ಸರ್ ಹೆಚ್ಚಿತ್ತು. ಕ್ಯಾನ್ಸರ್ ಸಾವೇ ದಾಖಲಾಗದ ಜಾತಿಗಳಲ್ಲಿ ಒಂದು ನಮ್ಮ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಓಡಾಡುವ ಕೃಷ್ಣಮೃಗ. ಆದರೆ ಲೆಕ್ಕಕ್ಕೆ ಸಿಕ್ಕ ಕೃಷ್ಣಮೃಗಗಳು ಸುಮಾರು 200 ಮಾತ್ರ. "ಕೃಷ್ಣಮೃಗಕ್ಕೆ ಕ್ಯಾನ್ಸರ್ ಬರುವುದೇ ಇಲ್ಲ" ಎಂದು ಹೇಳಲು ಇದು ಸಾಲದು.

ಈಗ ಮುಖ್ಯ ಮಾತು. ಈ ರಕ್ಷಣೆ ಆ ಪ್ರಾಣಿಯ ಪ್ರತಿ ಕೋಶದ ಡಿಎನ್‌ಎಯೊಳಗೆ ಇದೆ. ಆನೆ ಬಾಲದ ಕೂದಲಿನ ಉಂಗುರದಿಂದ, ಕೃಷ್ಣಮೃಗದ ಕೊಂಬು ತೇಯ್ದು ಕುಡಿಯುವುದರಿಂದ ಅದು ನಮ್ಮ ಕೋಶಕ್ಕೆ ಬರುವುದಿಲ್ಲ. ನಾವು ತಿಂದ ಯಾವುದೇ ಡಿಎನ್‌ಎ, ಪ್ರೋಟೀನ್ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಮೇಲಾಗಿ ಎರಡೂ ಪ್ರಾಣಿಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅವುಗಳ ಅಂಗ ಇಟ್ಟುಕೊಳ್ಳುವುದು ಅಪರಾಧ. ಇನ್ನು ಶಾರ್ಕ್ ವಿಷಯ: ಶಾರ್ಕ್‌ಗಳಲ್ಲೂ ಗಡ್ಡೆಗಳು ದಾಖಲಾಗಿವೆ. ಶಾರ್ಕ್ ಮೃದ್ವಸ್ಥಿಯ ಸಾರವನ್ನು ಶ್ವಾಸಕೋಶ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನಡೆಸಿದ ದೊಡ್ಡ ಪರೀಕ್ಷೆಯಲ್ಲಿ ಆಯುಷ್ಯ ಹೆಚ್ಚಲಿಲ್ಲ ಎಂದು 2010ರಲ್ಲಿ ಪ್ರಕಟವಾಗಿದೆ.

"ಹಾಗಾದರೆ ಮನುಷ್ಯನಿಗೂ ಟಿಪಿ53 ಹೆಚ್ಚು ಮಾಡಿಬಿಡಬಹುದಲ್ಲ?" ಎಂದು ಕೇಳಬಹುದು. 2002ರಲ್ಲಿ ಈ ಬ್ರೇಕ್ ಅತಿಯಾಗಿ ಕೆಲಸ ಮಾಡುವ ಇಲಿಗಳಲ್ಲಿ ಕ್ಯಾನ್ಸರ್ ಕಡಿಮೆಯಾಯಿತು, ಆದರೆ ಅವು ಬೇಗ ಮುದಿಯಾದವು. ಬ್ರೇಕ್ ಯಾವಾಗಲೂ ಒತ್ತಿಕೊಂಡೇ ಇದ್ದರೆ ಬಸ್ಸು ಊರು ಸೇರುವುದಿಲ್ಲ.

ನಮ್ಮ ದೇಹದೊಳಗೇ ನಡೆಯುವ ವಿಕಾಸ

ವಿಕಾಸ ಎಂದರೆ ಕೋಟಿ ವರ್ಷದ ಮಾತು ಮಾತ್ರ ಅಲ್ಲ. ಗಡ್ಡೆಯೊಳಗೂ ಅದು ನಡೆಯುತ್ತದೆ ಎಂದು 1976ರಲ್ಲಿ ಅಮೆರಿಕದ ಪೀಟರ್ ನೋವೆಲ್ ವಿವರಿಸಿದರು. ಒಂದು ಕೋಶ ಕೆಡುತ್ತದೆ, ಅದರ ಸಂತಾನ ಹೆಚ್ಚುತ್ತದೆ, ಅದರಲ್ಲೊಂದು ಇನ್ನಷ್ಟು ಕೆಡುತ್ತದೆ. ಚುರುಕಾದದ್ದು ಉಳಿದವನ್ನು ಹಿಂದಿಕ್ಕುತ್ತದೆ. ಕೀಮೋ ಕೊಟ್ಟಾಗ ನೂರರಲ್ಲಿ ತೊಂಬತ್ತೊಂಬತ್ತು ಕೋಶ ಸತ್ತು, ಔಷಧಕ್ಕೆ ಬಗ್ಗದ ಒಂದು ಉಳಿದರೆ ಮುಂದಿನ ಗಡ್ಡೆ ಅದರದ್ದೇ ಸಂತಾನ. ಕಳೆನಾಶಕ ಹೊಡೆದ ಹೊಲದಲ್ಲಿ ಅದಕ್ಕೆ ಜಗ್ಗದ ಕಳೆಯೇ ಮತ್ತೆ ಎದ್ದಂತೆ. ಕೆಲವು ಕ್ಯಾನ್ಸರ್‌ಗಳು ಮರಳಿ ಬಂದಾಗ ವೈದ್ಯರು ಔಷಧ ಬದಲಿಸುವುದು ಇದೇ ಕಾರಣಕ್ಕೆ.

2017ರಲ್ಲಿ ಬ್ರಿಟನ್ನಿನ ಸಂಶೋಧಕರು 29 ಬಗೆಯ ಕ್ಯಾನ್ಸರ್‌ನ 7,664 ಗಡ್ಡೆಗಳಿಗೆ ಮೇಲೆ ಹೇಳಿದ ಅನುಪಾತದ ಲೆಕ್ಕವನ್ನೇ ಹಚ್ಚಿದರು. ಗಡ್ಡೆಯೊಂದರಲ್ಲಿ ಸಾವಿರಾರು ತಪ್ಪುಗಳಿದ್ದರೂ ಅದನ್ನು ನಿಜವಾಗಿ ಮುನ್ನಡೆಸುವ ಅಕ್ಷರ ಬದಲಾವಣೆಗಳು ಸರಾಸರಿ ನಾಲ್ಕೇ ನಾಲ್ಕು. ಥೈರಾಯ್ಡ್ ಕ್ಯಾನ್ಸರ್‌ನಲ್ಲಿ ಒಂದಕ್ಕಿಂತ ಕಡಿಮೆ, ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಹತ್ತಕ್ಕಿಂತ ಹೆಚ್ಚು. ಯಾವ ಬದಲಾವಣೆಯ ಮೇಲೆ ಔಷಧ ಗುರಿ ಇಡಬೇಕು ಎಂದು ಹುಡುಕುವವರಿಗೆ ಇದು ದಾರಿ ತೋರುವ ಲೆಕ್ಕ.

ನಿಮ್ಮ ಜೀನ್ ವರದಿಗೂ ಇದಕ್ಕೂ ಏನು ಸಂಬಂಧ?

ಎಲ್ಲ ಕ್ಯಾನ್ಸರ್‌ಗಳಲ್ಲಿ ಹುಟ್ಟಿನಿಂದ ಬಂದ ಜೀನ್ ದೋಷದಿಂದ ಆಗುವವು ಶೇ. 5ರಿಂದ 10 ಮಾತ್ರ. ಉಳಿದವುಗಳಲ್ಲಿ ಜೀನ್ ಕೆಡುವುದು ಬದುಕಿನ ನಡುವೆ, ಅದು ಮಕ್ಕಳಿಗೆ ಹೋಗುವುದಿಲ್ಲ.

ಆದರೆ ಆ ಶೇ. 5ರಿಂದ 10ರಲ್ಲಿ ಇರುವ ಕುಟುಂಬಗಳಿಗೆ ಇದು ಸಣ್ಣ ವಿಷಯವಲ್ಲ. ಬಿಆರ್‌ಸಿಎ1 ಅಥವಾ ಬಿಆರ್‌ಸಿಎ2ರಲ್ಲಿ ಖಚಿತವಾಗಿ ಹಾನಿಕರವಾದ ಬದಲಾವಣೆ ಇರುವ ಮಹಿಳೆಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 60ಕ್ಕಿಂತ ಹೆಚ್ಚು. ಹಾನಿಕರ ಎಂದು ಹೇಳುವುದು ಯಾರು, ಹೇಗೆ? ಬಿಆರ್‌ಸಿಎ1 ಪ್ರೋಟೀನ್‌ನಲ್ಲಿ 1,863 ಅಮೈನೋ ಆಮ್ಲಗಳಿವೆ. ಜೀನ್ ಎಲ್ಲಾದರೂ ತುಂಡಾಗಿದ್ದರೆ ಉತ್ತರ ಸುಲಭ. ಆದರೆ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದ್ದರೆ ಅದು ಬೇಳೆಯೋ ಗೋಡಂಬಿಯೋ?

ಇಲ್ಲಿ ವಿಕಾಸದ ಹೋಲಿಕೆ ಸಹಾಯಕ್ಕೆ ಬರುತ್ತದೆ. ಬಿಆರ್‌ಸಿಎ1ರ ಎರಡೂ ತುದಿಗಳು ಪ್ರಾಣಿಗಳಲ್ಲಿ ಹೆಚ್ಚು ಬದಲಾಗಿಲ್ಲ, ನಡುವಿನ ದೊಡ್ಡ ಭಾಗ ಬೇಗ ಬದಲಾಗಿದೆ. ಮನುಷ್ಯ ಮತ್ತು ಚಿಂಪಾಂಜಿಗಳಲ್ಲಂತೂ ಈ ಜೀನ್‌ನಲ್ಲಿ ಬದಲಾವಣೆಗೇ ಪ್ರೋತ್ಸಾಹ ಸಿಕ್ಕ ಗುರುತಿದೆ ಎಂದು 2000ದಲ್ಲೇ ಪ್ರಕಟವಾಗಿದೆ. ಹಾಗಾಗಿ ತುದಿಯ ಬದಲಾವಣೆ ಕಂಡರೆ ಅನುಮಾನ ಹೆಚ್ಚು, ನಡುವೆ ಕಂಡರೆ ಕಡಿಮೆ. 2001ರ ಸಿಫ್ಟ್‌ನಿಂದ ಹಿಡಿದು 2023ರ ಆಲ್ಫಾಮಿಸೆನ್ಸ್‌ವರೆಗೆ ಅನೇಕ ಸಾಫ್ಟ್‌ವೇರ್‌ಗಳು ಇಂತಹ ಹೋಲಿಕೆಯನ್ನು ಬಳಸುತ್ತವೆ. ಆಲ್ಫಾಮಿಸೆನ್ಸ್ ಮನುಷ್ಯನಲ್ಲಿ ಆಗಬಹುದಾದ ಇಂತಹ 7.1 ಕೋಟಿ ಬದಲಾವಣೆಗಳಿಗೆ ಅಂಕ ಕೊಟ್ಟು, ಶೇ. 57 ಬಹುಶಃ ನಿರುಪದ್ರವಿ, ಶೇ. 32 ಬಹುಶಃ ಹಾನಿಕರ ಎಂದು ವಿಂಗಡಿಸಿತು. ಉಳಿದ ಶೇ. 11ರ ಬಗ್ಗೆ ಅದು ಏನನ್ನೂ ಹೇಳಲಿಲ್ಲ.

ಆದರೆ ಕಂಪ್ಯೂಟರ್ ಅಂಕವೇ ತೀರ್ಪಲ್ಲ. ಮನುಷ್ಯನಲ್ಲಿ ಕಾಯಿಲೆ ತರುವ ಅಕ್ಷರ ಇನ್ನೊಂದು ಪ್ರಾಣಿಯಲ್ಲಿ ಸಹಜವಾಗಿಯೇ ಇರುವುದುಂಟು, ಅಲ್ಲಿ ಬೇರೊಂದು ಬದಲಾವಣೆ ಅದನ್ನು ಸರಿದೂಗಿಸಿರುತ್ತದೆ. ಅದಕ್ಕಾಗಿಯೇ 2015ರ ಅಂತರರಾಷ್ಟ್ರೀಯ ಮಟ್ಟದಲ್ಲಿ ಬಳಕೆಯಲ್ಲಿರುವ ಮಾರ್ಗಸೂಚಿ ಕಂಪ್ಯೂಟರ್ ಲೆಕ್ಕವನ್ನು ಕೇವಲ "ಪೂರಕ ಸಾಕ್ಷಿ" ಎಂದು ಪರಿಗಣಿಸುತ್ತದೆ. ಪ್ರಯೋಗಾಲಯದ ಪರೀಕ್ಷೆ, ಕುಟುಂಬದ ಇತಿಹಾಸ, ಆರೋಗ್ಯವಂತರಲ್ಲಿ ಆ ಬದಲಾವಣೆ ಎಷ್ಟು ಸಾಮಾನ್ಯ ಎಂಬುದು, ಎಲ್ಲ ಸೇರಿ ತೀರ್ಮಾನ ಆಗಬೇಕು. 2018ರಲ್ಲಿ ಅಮೆರಿಕದ ಸಂಶೋಧಕರು ಬಿಆರ್‌ಸಿಎ1ರ ಮುಖ್ಯ ಭಾಗಗಳಲ್ಲಿ ಸುಮಾರು 4 ಸಾವಿರ ಬದಲಾವಣೆಗಳನ್ನು ಒಂದೊಂದಾಗಿ ಜೀವಕೋಶಗಳಲ್ಲೇ ಮಾಡಿ ಪರೀಕ್ಷಿಸಿದ್ದು ಈ ಕಾರಣಕ್ಕೆ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ವರದಿಗಳಲ್ಲಿ "ವಿಯುಎಸ್" ಎಂದು ಬರೆದಿರುತ್ತದೆ. ಅಂದರೆ "ಮಹತ್ವ ಇನ್ನೂ ತಿಳಿಯದ ಬದಲಾವಣೆ". ಇದನ್ನು ಓದಿ "ಕ್ಯಾನ್ಸರ್ ಜೀನ್ ಪಾಸಿಟಿವ್" ಎಂದುಕೊಳ್ಳುವವರು ಬಹಳ. ದಯವಿಟ್ಟು ಗಮನಿಸಿ: ವಿಯುಎಸ್ ಎಂದರೆ ಪಾಸಿಟಿವ್ ಅಲ್ಲ. ಮುಂದೆ ಸ್ಪಷ್ಟವಾದಾಗ ಇವುಗಳಲ್ಲಿ ಬಹುಪಾಲು ನಿರುಪದ್ರವಿ ಎಂದೇ ತೀರ್ಮಾನ ಆಗುತ್ತವೆ. ಕೇವಲ ವಿಯುಎಸ್ ನೋಡಿ ಸ್ತನ ಅಥವಾ ಅಂಡಾಶಯ ತೆಗೆಸುವ ನಿರ್ಧಾರ ಮಾಡಬಾರದು ಎಂಬುದು ತಜ್ಞರ ಒಮ್ಮತ.

ಭಾರತೀಯರ ವರದಿಗಳಲ್ಲಿ ವಿಯುಎಸ್ ಹೆಚ್ಚಾಗಿ ಕಾಣಲು ಒಂದು ಕಾರಣವಿದೆ. ಜಗತ್ತಿನ ಜೀನ್ ದಾಖಲೆಗಳಲ್ಲಿ ಹೆಚ್ಚಿನವು ಯುರೋಪ್ ಮೂಲದವರದ್ದು. ನಮ್ಮಲ್ಲಿ ಸಾಮಾನ್ಯವಾದ ನಿರುಪದ್ರವಿ ಬದಲಾವಣೆಯೂ ಆ ದಾಖಲೆಯಲ್ಲಿ ಇಲ್ಲದಿದ್ದರೆ ಅಪರೂಪದ್ದಾಗಿ, ಅನುಮಾನದ್ದಾಗಿ ಕಾಣುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ನಡೆದ ಜೀನೋಮ್ ಇಂಡಿಯಾ ಯೋಜನೆ 10 ಸಾವಿರ ಭಾರತೀಯರ ಡಿಎನ್‌ಎ ಬರಹವನ್ನು ಓದಿದೆ. 2025ರ ಜನವರಿಯಲ್ಲಿ ಆ ಮಾಹಿತಿ ಸಂಶೋಧಕರಿಗೆ ತೆರೆದುಕೊಂಡಿತು. ಈ ಕೊರತೆ ತುಂಬಲು ಇಂತಹ ಕೆಲಸ ಬೇಕೇ ಬೇಕು.

ಓದುಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ತಾಯಿಯ ಕಡೆಯಿಂದ ಮಾತ್ರ ಬರುತ್ತದಾ?
ಇಲ್ಲ. ಬಿಆರ್‌ಸಿಎ ದೋಷ ತಂದೆಯಿಂದಲೂ ಬರಬಹುದು, ಗಂಡುಮಕ್ಕಳಿಗೂ ಹೋಗಬಹುದು. ಪ್ರತಿ ಮಗುವಿಗೆ ಹೋಗುವ ಸಾಧ್ಯತೆ ಅರ್ಧಕ್ಕರ್ಧ. ಅತ್ತೆಯಂದಿರಿಗೆ, ಅಂದರೆ ತಂದೆಯ ಅಕ್ಕ-ತಂಗಿಯರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಇದ್ದರೆ ಎಲ್ಲರೂ ಜೀನ್ ಪರೀಕ್ಷೆ ಮಾಡಿಸಬೇಕಾ?
ಬೇಕಿಲ್ಲ. ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ, ಒಂದೇ ಕಡೆಯ ಹಲವರಿಗೆ ಬಂದಿದ್ದರೆ, ಗಂಡಸಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ ಕ್ಯಾನ್ಸರ್ ತಜ್ಞರನ್ನೋ ಜೆನೆಟಿಕ್ ಕೌನ್ಸೆಲರ್ ಅವರನ್ನೋ ಕೇಳಿ. ಸಾಮಾನ್ಯವಾಗಿ ಮೊದಲು ಕಾಯಿಲೆ ಬಂದವರನ್ನೇ ಪರೀಕ್ಷಿಸುತ್ತಾರೆ.

ಹಾನಿಕರ ಬದಲಾವಣೆ ಇದೆ ಎಂದು ಗೊತ್ತಾದರೆ ಏನು ಪ್ರಯೋಜನ? ಭಯ ಅಷ್ಟೇ ಅಲ್ಲವೇ?
ಪ್ರಯೋಜನ ಇದೆ. ಚಿಕ್ಕ ವಯಸ್ಸಿನಿಂದಲೇ ಎಂಆರ್‌ಐ ತಪಾಸಣೆ, ಅಪಾಯ ತಗ್ಗಿಸುವ ಶಸ್ತ್ರಚಿಕಿತ್ಸೆ ಮುಂತಾದ ಆಯ್ಕೆಗಳಿವೆ. ಕ್ಯಾನ್ಸರ್ ಬಂದವರಿಗೆ ಓಲಾಪರಿಬ್‌ನಂತಹ ಔಷಧಗಳಿವೆ. ರಿಪೇರಿ ಜೀನ್ ಕೆಟ್ಟಿರುವ ಕೋಶಗಳನ್ನೇ ಹುಡುಕಿ ಹೊಡೆಯುವಂತಹವು ಅವು.

ಮದುವೆಗೆ ಮುಂಚೆ ಇದನ್ನೆಲ್ಲ ಹೇಳಿದರೆ ಹೆಣ್ಣಿನ ಗತಿ ಏನು?
ನಮಗೆ ಅತಿ ಬೇಸರ ತರುವ ಪ್ರಶ್ನೆ ಇದು. "ಕ್ಯಾನ್ಸರ್ ಮನೆತನ" ಎಂಬ ಹಣೆಪಟ್ಟಿಗೆ ಹೆದರಿ ಕುಟುಂಬಗಳು ತಾಯಿಯ ಕಾಯಿಲೆಯನ್ನು ಮಗಳಿಂದಲೇ ಮುಚ್ಚಿಡುತ್ತವೆ. ಬೇಗ ತಪಾಸಣೆ ಮಾಡಿಸಿಕೊಳ್ಳಬೇಕಾದವಳಿಗೇ ವಿಷಯ ಗೊತ್ತಿರುವುದಿಲ್ಲ. ಗಡ್ಡೆ ಕೈಗೆ ಸಿಗುವಷ್ಟು ಬೆಳೆದ ಮೇಲೆ ಗೊತ್ತಾಗುತ್ತದೆ. ಹಣೆಪಟ್ಟಿ ಹಚ್ಚುವವರ ಕೋಶಗಳಲ್ಲೂ ಅದೇ ಬಿಆರ್‌ಸಿಎ, ಅದೇ ಟಿಪಿ53 ಇವೆ, ಬದುಕಿನ ನಡುವೆ ಅವೂ ಕೆಡಬಹುದು.

ಫಾರ್ವರ್ಡ್ ಮಾಡುವ ಮುನ್ನ

ಕ್ಯಾನ್ಸರ್ ಜೀನ್ ಬಗ್ಗೆ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಜೀನ್ ಇದೆ ಎನ್ನುತ್ತಿದೆಯೋ, ಜೀನ್ ಕೆಟ್ಟಿದೆ ಎನ್ನುತ್ತಿದೆಯೋ? ಪ್ರಾಣಿಯಲ್ಲಿ ಕಂಡದ್ದನ್ನು ನೇರವಾಗಿ ಮನುಷ್ಯರಿಗೆ ಮದ್ದು ಎಂದು ಮಾರುತ್ತಿದೆಯೋ? ಓದಿದ ಮೇಲೆ ಒಬ್ಬರು ತಪಾಸಣೆಗೆ ಹೋಗುವಂತಾಗುತ್ತದೋ, ಮನೆಯಲ್ಲೇ ಮುಚ್ಚಿಡುವಂತಾಗುತ್ತದೋ?

ಮೂರನೆಯದಕ್ಕೆ "ಮುಚ್ಚಿಡುವಂತಾಗುತ್ತದೆ" ಎಂಬ ಉತ್ತರ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ. ಬದಲಿಗೆ ಈ ಒಂದು ಸಾಲು ಕಳುಹಿಸಬಹುದು: "ನಮ್ಮ ಮನೆಯಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಕ್ಯಾನ್ಸರ್ ಬಂದಿತ್ತು ಎಂದು ಗೊತ್ತಿರುವವರು ದಯವಿಟ್ಟು ತಿಳಿಸಿ, ಒಂದು ಕಡೆ ಬರೆದಿಡೋಣ." ವೈದ್ಯರು ಮೊದಲು ಕೇಳುವುದೂ ಅದನ್ನೇ.